ಗಾಜಿನ ಮೇಲಿನ ಕೋಳಿಮರಿ

"ಇದೇನೇ ಇದು, ದೆವ್ವನಾ ಇಲ್ಲ ನಿಮ್ಮಪ್ಪನಾ? ಇದನ್ನ ನೋಡಿ ಯಾವನು ಉಚ್ಚೆ ಹೊಯ್ಕೋತಾನೆ? ತೊಟ್ಟಿಲ ಕೂಸೂ ಹೆದರಲ್ಲ ಇದಕ್ಕೆ."

ಹೇಳುತ್ತಲೇ ರೆಸಾರ್ಟಿನ ಯಜಮಾನ ಗುಸ್ತಾವೋ ಬೂಟುಗಾಲಿನಲ್ಲಿ ಒದ್ದ. ಒದೆ ಬಿದ್ದದ್ದು ಕಾಪ್ರೆಯ ತಲೆಗೆ. ರೆಮಿ ಮೂರು ದಿನದಿಂದ ಹಳೇ ಪೇಪರನ್ನು ಪದರದ ಮೇಲೆ ಪದರ ಅಂಟಿಸಿ, ಮರಗೆಣಸಿನ ಗಂಜಿ ಬಳಿದು, ಬಿಸಿಲಿಗೆ ತಿರುಗಿಸಿ ತಿರುಗಿಸಿ ಒಣಗಿಸಿದ್ದ ತಲೆ ಅದು. ಗುಡಿಸಲಿನಷ್ಟು ದೊಡ್ಡದು. ಒದ್ದ ಕಡೆ ಕೆನ್ನೆ ಒಳಗೆ ಕುಸಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ಸರಿಮಾಡ್ತೀನಿ ಸರ್," ಎಂದಳು ರೆಮಿ. ಮೊಣಕೈವರೆಗೂ ಗಂಜಿ ಮೆತ್ತಿಕೊಂಡ ಕೈಯಲ್ಲಿ ಆ ಕೆನ್ನೆಯನ್ನು ಒಳಗಿನಿಂದ ಮೆಲ್ಲಗೆ ಒತ್ತಿ ಎತ್ತಿದಳು.

ಕಾಪ್ರೆ ಅಂದರೆ ದೊಡ್ಡ ಮರದ ಕೊಂಬೆಯ ಮೇಲೆ ಕಾಲು ಇಳಿಬಿಟ್ಟು ಕೂತು ಚುಟ್ಟ ಸೇದುವ ದೈತ್ಯ. ಲಗುನಾ ಕೆರೆಯ ದಂಡೆಯ ಆ ಊರಲ್ಲಿ ಅವನ ಚುಟ್ಟದ ಕೆಂಡ ನೋಡಿಲ್ಲ ಅನ್ನುವ ಅಜ್ಜಿ ಒಬ್ಬಳೂ ಸಿಗುವುದಿಲ್ಲ. ಸತ್ತವರ ಹಬ್ಬಕ್ಕೆ ಪಟ್ಟಣದ ಜನ ಹೆದರಿಕೊಳ್ಳುವುದಕ್ಕೆಂದೇ ಟಿಕೇಟು ಕೊಂಡು ಬರುತ್ತಾರೆ ಎಂದು ಗುಸ್ತಾವೋ ತನ್ನ ರೆಸಾರ್ಟಿನ ತೆಂಗಿನತೋಟವನ್ನು ದೆವ್ವದ ತೋಟ ಮಾಡಿಸುತ್ತಿದ್ದ. ಸಿಮೆಂಟಿನ ಗೋರಿಗಳು, ಮುರುಕು ಇಗರ್ಜಿ, ನೆಲದ ತುಂಬ ನಲವತ್ತು ರಬ್ಬರ್ ಹೆಣ. ಬಾಗಿಲಲ್ಲಿ ಮೂವತ್ತೈದು ಅಡಿಯ ಕಾಪ್ರೆ. ಅದರ ಮೈಗೆ ಬಿದಿರು ಕಟ್ಟುವವನು ರೆಮಿಯ ತಮ್ಮ ದೊಮೆಂಗ್. ಪೇಪರು ಅಂಟಿಸುವವರು ಅವರ ಬೀದಿಯ ಹನ್ನೊಂದು ಹೆಂಗಸರು, ರೆಮಿಯೂ ಸೇರಿ.

"ತಲೆ ಇವತ್ತೇ ಏರ್ಬೇಕು. ಶನಿವಾರ ಬಾಗಿಲು ತೆಗೀತೀನಿ," ಎಂದ ಗುಸ್ತಾವೋ.

ದೊಮೆಂಗ್ ಸಾರುವೆಯಿಂದ ಇಳಿದು ಬಂದ. "ತಲೆ ಭಾರ ಈ ಬಿದಿರು ತಡೆಯಾಕಿಲ್ಲ ಸರ್. ಹುಣ್ಣಿಮೇಲಿ ಕಡಿದ ಬಿದಿರು ತರ್ಸೀರಿ. ಕೆರೆ ಕೆಸರಲ್ಲಿ ಹೂತಿಟ್ಟು ತೆಗೆದಿದ್ರೂ ಆಗ್ತಿತ್ತು, ಅದ್ನೂ ಬ್ಯಾಡ ಅಂದ್ರಿ. ಹುಳ ಕೊರೆದೈತೆ, ಕೇಳಿ." ಬೆರಳ ಗೆಣ್ಣಿನಿಂದ ಕಾಪ್ರೆಯ ತೊಡೆಯ ಬಿದಿರನ್ನು ಕುಟ್ಟಿದ. ಒಳಗಿನಿಂದ ಹಿಟ್ಟಿನಂಥ ಹುಡಿ ಉದುರಿ ಅವನ ಪಾದದ ಮೇಲೆ ಬಿತ್ತು.

"ನನ್ನ ದೆವ್ವ ಹತ್ತು ದಿನ ನಿಂತ್ರೆ ಸಾಕು ಕಣಯ್ಯ. ನಿನ್ನ ಮಗಳ ಮದುವೆ ಚಪ್ಪರ ಅಲ್ಲ ಇದು."

"ಗಾಳಿ ಬೇರೆ ಐತೆ ಸರ್."

ಗುಸ್ತಾವೋ ಅವನ ಮುಖ ಕೂಡ ನೋಡಲಿಲ್ಲ. ಮೇಸ್ತ್ರಿ ಕುಲಾಸನ ಕಡೆ ತಿರುಗಿ, "ಇವನಿಗೆ ಬಾಯಿ ಜಾಸ್ತಿ," ಎಂದು ಹೊರಟುಹೋದ.

ಕುಲಾಸ್ ಅದೇ ಬೀದಿಯವನು. ದೂರದಿಂದ ನಂಟನೂ ಹೌದು. ಮೇಸ್ತ್ರಿಯಾದ ಮೇಲೆ ನಂಟಸ್ತನ ಹಬ್ಬಕ್ಕೆ ಮಾತ್ರ. "ಹತ್ಲಾ ಬೋಳಿಮಗನೆ. ನೀನು ಹತ್ತಲ್ಲ ಅಂದ್ರೆ ಹನ್ನೊಂದು ಹೆಂಗಸ್ರೂ ಗೇಟಿಂದಾಚೆ. ಆಮ್ಯಾಕೆ ನಿಮ್ಮಕ್ಕನ ಮುಖ ಹೆಂಗೆ ನೋಡ್ತೀಯ ನೋಡ್ಕೊ."

ದೊಮೆಂಗ್ ಅಕ್ಕನನ್ನು ನೋಡಿದ. ರೆಮಿ ಬೇಡ ಎಂದು ತಲೆ ಆಡಿಸಿದಳು. ಅವನು ನಕ್ಕ. "ಗಂಜಿ ಕಲಸೇ ಅಕ್ಕ, ಗಟ್ಟಿ ಆಗ್ತೈತೆ," ಎಂದು ಹಗ್ಗ ಹೆಗಲಿಗೆ ಹಾಕಿಕೊಂಡು ಏರಿದ.

ಒಳ್ಳೆಯ ಬಿದಿರು ಮುರಿಯುವ ಮುಂಚೆ ಲಟಲಟ ಅನ್ನುತ್ತದೆ, ಇಳಿಯೋ ಮಗನೆ ಎಂದು ಕೂಗಿ ಹೇಳುತ್ತದೆ. ಇದು ಏನೂ ಹೇಳಲಿಲ್ಲ. ತಲೆಯನ್ನು ಕುತ್ತಿಗೆಗೆ ಕಟ್ಟುತ್ತಿದ್ದ ದೊಮೆಂಗ್ ಕಾಪ್ರೆಯ ತೋಳಿನ ಮೇಲೆ ಕಾಲಿಟ್ಟ. ತೋಳು ಬೂದಿಯ ಹಾಗೆ ಕಳಚಿತು. ಅವನು ಬಿದ್ದದ್ದು ಕಾಪ್ರೆಯ ಪಾದದ ಬಳಿ, ಸಿಮೆಂಟಿನ ಶಿಲುಬೆಯ ಮೇಲೆ.

ಮುಂದಿನ ಗೇಟಿನಲ್ಲಿ ಮೊಬೈಲು ಹಿಡಿದ ಪ್ರಚಾರದವರಿದ್ದರು. ಅದಕ್ಕೆ ಆಂಬುಲೆನ್ಸನ್ನು ಹಂದಿಗೂಡಿನ ಹಿಂದಿನ ದಾರಿಯಿಂದ ತರಿಸಿದರು. ಬಂದ ಇಬ್ಬರೂ ಗೋರಿಗಳ ನಡುವೆ ಗಲಿಬಿಲಿಯಾಗಿ ನಿಂತುಬಿಟ್ಟರು. ಎಲ್ಲಿ ನೋಡಿದರೂ ಹೆಣ. ಒಂದರ ಹೊಟ್ಟೆ ಸೀಳಿದೆ, ಒಂದರ ತಲೆ ಒಡೆದಿದೆ. ಒಬ್ಬ ದೊಮೆಂಗನನ್ನು ದಾಟಿಕೊಂಡು ಹೋಗಿ ಪಕ್ಕದ ರಬ್ಬರಿನವನ ಕೈನಾಡಿ ಹಿಡಿದ.

"ಯಾವುದಮ್ಮಾ ನಿಜವಾದ್ದು?"

"ಇದು," ಎಂದಳು ರೆಮಿ. ತಮ್ಮನ ತಲೆ ಅವಳ ತೊಡೆಯ ಮೇಲಿತ್ತು. ಅವಳ ಕೈಯ ಗಂಜಿ ಅವನ ಕೂದಲಿಗೆಲ್ಲ ಅಂಟಿಕೊಂಡಿತ್ತು. ಅಷ್ಟು ಹೊತ್ತಿಗೆ ಉಸಿರು ಹೋಗಿಯಾಗಿತ್ತು.

ಸ್ಟ್ರೆಚರು ಕಣ್ಮರೆಯಾದ ಮೇಲೆ ಗುಸ್ತಾವೋ ಬಂದ. ಕಾಪ್ರೆಯ ಪಾದದ ಮೇಲೆ ಚಿಮ್ಮಿದ್ದ ರಕ್ತವನ್ನು ಹೆಂಗಸೊಬ್ಬಳು ಬಟ್ಟೆಯಿಂದ ಒರೆಸಲು ಹೋದಳು. ಅವನು ಕೈ ಅಡ್ಡ ಹಿಡಿದ.

"ಇರ್ಲಿ ಬಿಡು. ಇಂಥ ಬಣ್ಣ ನಿಮ್ಮ ಕೈಲಿ ಬರಲ್ಲ."

*

ಮೂರನೆಯ ದಿನ ಮಧ್ಯಾಹ್ನ. ದೊಮೆಂಗ್ ರೆಮಿಯ ಮನೆಯ ಮುಂದಿನ ಪರದೆಯ ಕೆಳಗೆ ಪೆಟ್ಟಿಗೆಯಲ್ಲಿ ಮಲಗಿದ್ದ, ಮುಖದ ಮೇಲೆ ಗಾಜು. ಬೀದಿಯವರು ಶುಂಠಿ ಕಷಾಯ ಕುಡಿಯುತ್ತ, ಇಸ್ಪೀಟು ಆಡುತ್ತ ಹೆಣ ಕಾಯುತ್ತಿದ್ದರು. ಗಾಜಿನ ಮೇಲೆ ಕಣ್ಣೀರು ಬಿದ್ದರೆ ಸತ್ತವನಿಗೆ ದಾರಿ ಸಾಗುವುದಿಲ್ಲ. ಅದಕ್ಕೆ ರೆಮಿ ಗಾಜಿನ ಹತ್ತಿರ ಬಂದಾಗಲೆಲ್ಲ ತುಟಿ ಕಚ್ಚಿಕೊಳ್ಳುತ್ತಿದ್ದಳು. ಕಚ್ಚಿ ಕಚ್ಚಿ ತುಟಿ ಊದಿತ್ತು.

ಸೆಪಾ ಅಜ್ಜಿ ಬಂದಳು. ಅವಳೂ ಪೇಪರು ಅಂಟಿಸುವವಳೇ, ಎಲ್ಲರಿಗಿಂತ ಹಿರಿಯಳು. ಮಡಿಲಿನಿಂದ ಹಳದಿ ಕೋಳಿಮರಿಯೊಂದನ್ನು ತೆಗೆದು ಗಾಜಿನ ಮೇಲೆ ಬಿಟ್ಟಳು, ನಾಲ್ಕು ಕಾಳು ಅಕ್ಕಿ ಚೆಲ್ಲಿದಳು. ಇಸ್ಪೀಟು ನಿಂತಿತು. ಕಾಯಿಲೆಯಿಂದ ಸತ್ತವರಿಗೆ, ಮುಪ್ಪಿನಿಂದ ಸತ್ತವರಿಗೆ ಮರಿ ಬಿಡುವುದಿಲ್ಲ. ಕೊಲೆಯಾದವರಿಗೆ ಮಾತ್ರ. ಅದು ಗಾಜು ಕುಕ್ಕಿದಷ್ಟೂ ಕೊಂದವನ ಎದೆ ಕುಕ್ಕುತ್ತದೆ.

ಟಕ್, ಟಕ್, ಟಕ್.

ಅದೇ ಹೊತ್ತಿಗೆ ಕುಲಾಸ್ ಒಂದು ಕಾಗದ ಹಿಡಿದುಕೊಂಡು ಬಂದ. ಮರಿ ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದ. "ಅಕ್ಕಾ, ಇದೆಲ್ಲ ಯಾಕೆ? ತೆಗಿಸು ಅದನ್ನ. ಕೈತಪ್ಪಿ ಆಗಿದ್ದು."

"ಕೈತಪ್ಪಿ ಆಗಿದ್ರೆ ಮರಿ ಏನ್ಮಾಡ್ತದ್ಲಾ? ಅಕ್ಕಿ ತಿನ್ತದೆ. ನಿಂಗ್ಯಾಕೆ ನಡುಕ?" ಎಂದಳು ರೆಮಿ. "ಅದೇನು ಕಾಗದ?"

ಕುಲಾಸ್ ಓದಲಿಲ್ಲ, ಬಾಯಲ್ಲೇ ಹೇಳಿದ. ದೊಮೆಂಗ್ ರೆಸಾರ್ಟಿನ ಕೆಲಸದವನಲ್ಲ. ಕುಡಿದು ಬೇಲಿ ಹಾರಿ ಬಂದಿದ್ದ, ತಾನಾಗಿ ಬಿದ್ದ. ಒಡಹುಟ್ಟಿದವಳು ಒಪ್ಪಿ ರುಜು ಹಾಕಬೇಕು.

"ಅವನು ಕುಡೀತಾನೇ ಇರ್ಲಿಲ್ಲವಲ್ಲೋ."

"ನಂಗೊತ್ತು ಅಕ್ಕ."

"ಹತ್ಸಿದ್ದು ನೀನೇ ಅಲ್ವೇನೋ."

ಕುಲಾಸ್ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತ. "ಸರ್ ಹೇಳಿದ್ರು. ರುಜು ಬೀಳ್ದಿದ್ರೆ ಹನ್ನೊಂದು ಜನಕ್ಕೂ ಕೆಲ್ಸ ಇಲ್ಲ ಅಂತ. ಕಾಪ್ರೆ ಎದ್ದು ನಿಂತಾಯ್ತು ಅಕ್ಕ, ಪಟ್ಟಣದೋರು ಬಂದು ಕಬ್ಬಿಣ ಹಾಕಿ ನಿಲ್ಸಿದ್ರು."

"ಕಬ್ಬಿಣ ಇತ್ತಾ?" ಎಂದಳು ರೆಮಿ. ಅವನ ಕೈಯ ಕಾಗದವನ್ನು ಪಕ್ಕಕ್ಕೆ ತಳ್ಳಿದಳು. "ಹೋಗಿ ಹೇಳು ಅವನಿಗೆ. ನಂಗೆ ಅವನ ಕವಡೆ ಕಾಸೂ ಬ್ಯಾಡ. ಇಲ್ಲಿಗೆ ಬರ್ಲಿ. ಈ ಗಾಜಿನ ಮುಂದೆ ನಿಂತು, ಇವನು ನನ್ನ ಆಳು, ನಾನೇ ಹತ್ತಿಸಿದೆ ಅನ್ಲಿ. ಅಷ್ಟು ಅಂದ ದಿನ ಮಣ್ಣು ಮಾಡ್ತೀವಿ. ಅಲ್ಲೀಗಂಟ ಇಲ್ಲ."

"ಅವರು ಬರೋ ಪೈಕಿ ಅಲ್ಲ ಅಕ್ಕ."

"ಹಂಗಾದ್ರೆ ನಾವೇ ಬರ್ತೀವಿ ಅನ್ನು."

*

ಶನಿವಾರ ಸಂಜೆ ಐದಕ್ಕೆ, ಇನ್ನೂ ಬೆಳಕಿರುವಾಗಲೇ, ಕೆರೆಯ ರಸ್ತೆಯಲ್ಲಿ ಪೆಟ್ಟಿಗೆ ಹೊರಟಿತು. ಆರು ಜನ ಗಂಡಸರ ಹೆಗಲು. ಹಿಂದೆ ಹನ್ನೊಂದು ಹೆಂಗಸರು, ಕಪ್ಪು ಬಟ್ಟೆ. ಸ್ಮಶಾನ ಎಡಕ್ಕೆ. ಅವರು ಬಲಕ್ಕೆ ತಿರುಗಿದರು.

ರೆಸಾರ್ಟಿನ ಮುಂದೆ ಸಾಲು ಕೆರೆದಂಡೆಯವರೆಗೂ ನಿಂತಿತ್ತು. ಪೆಟ್ಟಿಗೆ ಕಂಡದ್ದೇ ತಡ, ಪಟ್ಟಣದ ಜನ ಹೋ ಎಂದರು, ಮೊಬೈಲು ಎತ್ತಿದರು. "ಅಳೋರನ್ನ ನೋಡೇ, ಎಷ್ಟು ಚೆನ್ನಾಗಿ ಮಾಡ್ತಿದಾರೆ," ಎಂದಳೊಬ್ಬಳು. ಇನ್ನೊಬ್ಬ ರೆಮಿಯ ಭುಜದ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡ. ಅವಳು ಕೈ ಕೊಡವಲಿಲ್ಲ, ನಡೆಯುತ್ತಲೇ ಇದ್ದಳು. ಕಾವಲಿನವರು ಇದೂ ಆಟದೊಳಗಿನದೇ ಎಂದುಕೊಂಡು ಗೇಟು ಪೂರಾ ತೆರೆದರು.

ಕಾಪ್ರೆ ಮೂವತ್ತೈದು ಅಡಿ ಎತ್ತರ ನಿಂತಿತ್ತು. ಎಡಗೆನ್ನೆ ಇನ್ನೂ ಸ್ವಲ್ಪ ತಗ್ಗು. ಪಾದದ ಮೇಲೆ ಆ ಕಲೆ ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ಅದರ ಬುಡದ ಕಟ್ಟೆಯ ಮೇಲೆ ಪೆಟ್ಟಿಗೆ ಇಳಿಸಿದರು. ಸೆಪಾ ಅಜ್ಜಿ ಮರಿಯನ್ನು ಗಾಜಿನ ಮೇಲೆ ಬಿಟ್ಟು ಅಕ್ಕಿ ಚೆಲ್ಲಿದಳು. ಜನ ಚಪ್ಪಾಳೆ ತಟ್ಟಿದರು.

ಗುಸ್ತಾವೋ ಮೈಕು ಹಿಡಿದು ನಗುತ್ತ ಬಂದ. "ನೋಡಿ ಸ್ನೇಹಿತರೇ, ಇದು ಇವತ್ತಿನ ವಿಶೇಷ..." ಎಂದವನು ಗಾಜಿನೊಳಗೆ ಬಗ್ಗಿ ನೋಡಿದ. ನಗು ಅರ್ಧಕ್ಕೆ ನಿಂತಿತು. ಮೈಕನ್ನು ತೊಡೆಯ ಪಕ್ಕಕ್ಕೆ ಇಳಿಸಿ ಹಲ್ಲು ಕಡಿದ. "ಎತ್ತೇ ಇದನ್ನ, ಮುಂಡೆ."

"ಒಂದು ಮಾತು ಸರ್. ನಿಮ್ಮ ಆಳು ಹೌದೋ ಅಲ್ವೋ?"

"ಇವನ್ಯಾರೋ ನಂಗೊತ್ತಿಲ್ಲ."

ಮೈಕು ಆರಿರಲಿಲ್ಲ. ಅವನ ಮಾತು ತೆಂಗಿನ ಮರಗಳಿಗೆ ಕಟ್ಟಿದ ಲೌಡ್‌ಸ್ಪೀಕರಿನಲ್ಲೆಲ್ಲ ಮೊಳಗಿತು. ಜನ ಮತ್ತೆ ಚಪ್ಪಾಳೆ ತಟ್ಟಿದರು. ಆದರೆ ಗೋರಿಗಳ ಹಿಂದೆ ಅಡಗಿದ್ದ ದೆವ್ವಗಳು ಎದ್ದು ನಿಂತವು. ಅವರೆಲ್ಲ ಸುತ್ತಲ ಬೀದಿಗಳ ಹುಡುಗ ಹುಡುಗಿಯರು. ಕೋಳಿಮರಿ ಅಂದರೇನೆಂದು ಅವರಿಗೆ ಗೊತ್ತು. ಒಬ್ಬೊಬ್ಬರೇ ಮುಖವಾಡ ಕಳಚಿ ಶಿಲುಬೆಯ ಗುರುತು ಹಾಕಿಕೊಂಡರು.

ಟಕ್, ಟಕ್. ಮರಿ ಅಕ್ಕಿ ಆಯುತ್ತಿತ್ತು.

"ಕುಲಾಸ್, ಆ ಮರಿ ಎಸಿ."

ಕುಲಾಸ್ ಕೈ ಹಿಂದಕ್ಕೆ ಕಟ್ಟಿಕೊಂಡ. "ನನ್ಕೈಲಾಗಲ್ಲ ಸರ್. ಹತ್ಸು ಅಂದ್ರಿ, ಹತ್ಸಿದೆ. ಇದು ಮಾತ್ರ ಆಗಲ್ಲ." ಗುಸ್ತಾವೋ ಕಾವಲಿನವರ ಕಡೆ ನೋಡಿದರೆ ಅವರು ಆಕಾಶ ನೋಡುತ್ತಿದ್ದರು.

ಗುಸ್ತಾವೋ ತಾನೇ ಕೈ ಹಾಕಿದ. ಮರಿ ಅವನ ಅಂಗೈಯನ್ನು ಒಮ್ಮೆ ಕುಕ್ಕಿತು. ಅಷ್ಟೇ. ಅವನು ಮುಷ್ಟಿ ಬಿಗಿದ. ನಿಂಬೆಹಣ್ಣು ಹಿಂಡುವಷ್ಟು ಹೊತ್ತೂ ಹಿಡಿಯಲಿಲ್ಲ. ಕಾಪ್ರೆಯ ಪಾದದ ಮೇಲೆ, ಆ ಕಲೆಯ ಮೇಲೆಯೇ ಅದನ್ನು ಎಸೆದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಗುಂಪಿನಲ್ಲಿ ಯಾರೋ ಶಿಳ್ಳೆ ಹೊಡೆದರು. ಶಿಳ್ಳೆಗೆ ಜೊತೆ ಸಿಗಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬಳು ಗಾಜಿನೊಳಗಿನ ಮುಖವನ್ನು ಸರಿಯಾಗಿ ನೋಡಿ, ಮೊಬೈಲು ಕೆಳಗಿಳಿಸಿದಳು.

ಗಾಜಿನ ಮೇಲೆ ಒಂದು ಹನಿ ರಕ್ತ ಬಿದ್ದಿತ್ತು. ರೆಮಿ ಅದನ್ನು ತೋಳಿನಿಂದ ಒರೆಸಿದಳು. ಅತ್ತಿರಲಿಲ್ಲ. ತನ್ನ ಮಡಿಲಿನ ಗಂಟು ಬಿಚ್ಚಿ ಇನ್ನೊಂದು ಹಳದಿ ಮರಿಯನ್ನು ಅದೇ ಜಾಗದಲ್ಲಿ ಬಿಟ್ಟಳು.

"ಹೌದು ಅನ್ನಿ ಸರ್. ಹೋಗ್ತೀವಿ."

ಗುಸ್ತಾವೋ ಅದಕ್ಕೂ ಕೈ ಚಾಚಿದ. ಅವಳ ಹಿಂದೆ ನಿಂತಿದ್ದ ಒಂಬತ್ತು ಜನ ಹೆಂಗಸರು ತಮ್ಮ ತಮ್ಮ ಮಡಿಲಿಗೆ ಕೈ ಹಾಕಿದರು. ಇನ್ನೊಂದು ಕೈಯಲ್ಲಿ ಅವನು ಹಿಡಿದೇ ಇದ್ದ ಮೈಕಿನಿಂದ ಚಿಂವ್ ಚಿಂವ್ ಎನ್ನುವ ಸದ್ದು ತೋಟಕ್ಕೆಲ್ಲ ಕೇಳುತ್ತಿತ್ತು.