ಗುರುತು ಬೀಳದ ಚೆಂಡುಗಳು

ಚಾಮರಾಜಪೇಟೆಯ ಆ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಪರಮಶಿವಯ್ಯನವರು ಕಣ್ಣಂದಾಜನ್ನು ನಂಬುವವರಲ್ಲ. ಹುಡುಗರಿಗೆ ಬ್ಯಾಟಿಂಗ್ ಕಲಿಸಲು ಅವರದೇ ಒಂದು ಕ್ರಮವಿತ್ತು. ಚೆಂಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣದ ಪುಡಿಯಲ್ಲಿ ಹೊರಳಿಸಿ ಬೌಲರನ ಕೈಗೆ ಕೊಡುವುದು. ಚೆಂಡು ಬ್ಯಾಟಿಗೆ ತಗುಲಿದ ಕಡೆ ಬಿಳಿ ಗುರುತು ಬೀಳುತ್ತದೆ. ನೋಟ್‌ಬುಕ್ಕಿನಲ್ಲಿ ಸ್ಕೇಲು ಹಿಡಿದು ಬರೆದಿಟ್ಟ ಬ್ಯಾಟಿನ ಚಿತ್ರದ ಮೇಲೆ, ಅದೇ ಜಾಗದಲ್ಲಿ, ಕೆಂಪು ಪೆನ್ಸಿಲಿನಿಂದ ಒಂದು ಚುಕ್ಕೆ. ಬ್ಯಾಟು ಒರೆಸಿ ಮತ್ತೆ ಮುಂದಿನ ಚೆಂಡು. ಒಬ್ಬೊಬ್ಬನಿಗೆ ದಿನಕ್ಕೆ ಇಪ್ಪತ್ತನಾಲ್ಕು ಚೆಂಡು, ಹೆಚ್ಚಿಲ್ಲ ಕಡಿಮೆಯಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಮೂವತ್ತೊಂದು ನೋಟ್‌ಬುಕ್ಕುಗಳು ತುಂಬಿದ್ದವು. ಅಷ್ಟೂ ವರ್ಷಗಳಲ್ಲಿ ಅವರ ಒಬ್ಬ ಹುಡುಗನೂ ಸಂಸ್ಥಾನದ ಶಾಲಾ ತಂಡಕ್ಕೆ ಆಯ್ಕೆಯಾಗಿರಲಿಲ್ಲ.

ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಅವರ ಕೈಕೆಳಗೆ ಮಾಯಣ್ಣ ಆಡುತ್ತಿದ್ದ. ಹದಿನೈದು ವರ್ಷದ ಗಟ್ಟಿಮುಟ್ಟಾದ ಹುಡುಗ. ಅವನ ತಂದೆ ದೊಡ್ಡಬೈರಪ್ಪನಿಗೆ ಗಾಂಧಿ ಬಜಾರಿನಲ್ಲಿ ತರಕಾರಿ ಅಂಗಡಿ, ಹನುಮಂತನಗರದಲ್ಲಿ ಮನೆ. ಮಾಯಣ್ಣ ಹೊಡೆದ ಚೆಂಡು ಮೈದಾನದಾಚೆಯ ರಸ್ತೆ ದಾಟಿ ಬೀಳುತ್ತಿತ್ತು. ಆದರೆ ಅವನು ನಿಲ್ಲುವ ಭಂಗಿ ನೋಡಿದರೆ ಯಾರಿಗಾದರೂ ನಗು ಬರಬೇಕು. ಬ್ಯಾಟ್ಸ್‌ಮನ್ ಎಂದರೆ ಎಡಭುಜವನ್ನು ಬೌಲರನ ಕಡೆ ಮಾಡಿ, ಎದೆಯನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಬೇಕು. ಮಾಯಣ್ಣ ಎದೆ, ಮುಖ, ಎರಡೂ ಪಾದಗಳನ್ನು ನೇರ ಬೌಲರನಿಗೇ ಒಪ್ಪಿಸಿ ನಿಲ್ಲುತ್ತಿದ್ದ. ಹಿಂದಿನ ವರ್ಷ ತಂಡದ ಆಯ್ಕೆ ಮಾಡಲು ಬಂದಿದ್ದ ನಂಜುಂಡಯ್ಯನವರು ಎಲ್ಲರಿಗೂ ಕೇಳುವಂತೆ, "ಇವ್ನೇನು ಆಡೋಕ್ ಬಂದಿದಾನೋ, ದೇವರ ದರ್ಶನಕ್ ಬಂದಿದಾನೋ?" ಎಂದು ಕೇಳಿ ಅವನ ಹೆಸರನ್ನು ಹೊಡೆದುಹಾಕಿದ್ದರು.

ಆ ಮಾತು ಹುಡುಗನಿಗಿಂತ ಮೇಷ್ಟ್ರಿಗೆ ಹೆಚ್ಚು ನಾಟಿತು. ಸೆಪ್ಟೆಂಬರಿನಲ್ಲಿ ಅವರು ಭಂಗಿ ತಿದ್ದಲು ಕೂತರು. ನೆಲಕ್ಕೆ ಬಿಗಿದ ನಾರಿನ ಮ್ಯಾಟಿನ ಮೇಲೆ ಎರಡು ಸುಣ್ಣದ ಗೆರೆ ಎಳೆದು, ಪಾದ ಅದರೊಳಗೇ ಇರಬೇಕೆಂದರು. ಬಲ ಹಿಮ್ಮಡಿಯ ಹಿಂದೆ ಒಂದು ಇಟ್ಟಿಗೆ ಇಟ್ಟರು. ಎದೆ ತೆರೆದುಕೊಂಡರೆ ಹಿಮ್ಮಡಿ ಇಟ್ಟಿಗೆಗೆ ಬಡಿಯುತ್ತಿತ್ತು. ಮೊದಲ ತಿಂಗಳು ಮಾಯಣ್ಣನ ಹಿಮ್ಮಡಿಯ ಚರ್ಮ ಸುಲಿದು ಹೋಯಿತು. ಅವನು ಒಂದು ದಿನವೂ ತಕರಾರು ಮಾಡಲಿಲ್ಲ. ಮೇಷ್ಟ್ರು ಮೈದಾನಕ್ಕೆ ಕಾಲಿಟ್ಟರೆ ಕೂತಲ್ಲಿಂದ ಎದ್ದು ನಿಲ್ಲುವ ಹುಡುಗ ಅವನು.

ಡಿಸೆಂಬರಿನ ಹೊತ್ತಿಗೆ ನಿಲುವು ಪುಸ್ತಕದ ಚಿತ್ರದಂತಾಯಿತು. ಬ್ಯಾಟಿನ ಅಂಚಿನಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಚುಕ್ಕೆಗಳು ನಡುಮಧ್ಯೆ ಅಂಗೈಯಗಲದಲ್ಲಿ ಗುಂಪುಗೂಡಿದವು. ನಡುನಡುವೆ ಚೆಂಡು ತಪ್ಪುತ್ತಿದ್ದುದನ್ನು ಮೇಷ್ಟ್ರು ನೋಡಿಯೇ ಇದ್ದರು. ಹಳೆಯ ಅಭ್ಯಾಸ ಬಿಡಿಸುವಾಗ ಅಷ್ಟು ಇದ್ದದ್ದೇ ಎಂದುಕೊಂಡರು. ತಪ್ಪಿದ ಚೆಂಡು ಗುರುತು ಬಿಡುವುದಿಲ್ಲ. ಗುರುತಿಲ್ಲದ್ದಕ್ಕೆ ಅವರ ನೋಟ್‌ಬುಕ್ಕಿನಲ್ಲಿ ಜಾಗವಿರಲಿಲ್ಲ.

ಆಯ್ಕೆಯ ಪಂದ್ಯ ಶನಿವಾರ ಬಸವನಗುಡಿಯಲ್ಲಿ ಎಂದು ಗೊತ್ತಾಗಿತ್ತು. ಗುರುವಾರ ಸಂಜೆ ಮೇಷ್ಟ್ರು ನಂಜುಂಡಯ್ಯನವರಿಗೆ ತೋರಿಸಲೆಂದು ಆಗಸ್ಟಿನ ಒಂದು ಪುಟವನ್ನೂ ಡಿಸೆಂಬರಿನ ಒಂದು ಪುಟವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಯಾಕೋ ಚುಕ್ಕೆಗಳನ್ನು ಎಣಿಸಿದರು. ಆಗಸ್ಟಿನಲ್ಲಿ ಇಪ್ಪತ್ತನಾಲ್ಕು. ಡಿಸೆಂಬರಿನಲ್ಲಿ ಹದಿನೇಳು. ಹಿಂದಿನ ದಿನದ್ದು ಹದಿನಾರು. ಅದರ ಹಿಂದಿನದೂ ಹದಿನಾರು. ಏಳೆಂಟು ಚೆಂಡು ದಿನಾ ಎಲ್ಲಿ ಹೋಗುತ್ತಿದ್ದವು?

ವಿಕೆಟ್ ಕೀಪರ್ ಸಿದ್ದಬಸಪ್ಪನನ್ನು ಕರೆದು ಕೇಳಿದರು. ಅವನಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ.

"ಎಲ್ಲಾ ಕಾಲಿನ ಕಡೆ ಬರೋವೇ ಸಾರ್. ಬೆನ್ನ್ ಹಿಂದೆ ಹೋಗ್ತವಲ್ಲ, ಅವು. ಮಾಯಣ್ಣ ಬಿಟ್ಟಿದ್ದನ್ನ ಹಿಡ್ದೂ ಹಿಡ್ದೂನೇ ನನಗೆ ಟೀಮಲ್ಲಿ ಜಾಗ ಸಿಕ್ಕಿರೋದು."

ಮೇಷ್ಟ್ರು ಆ ಪುಟಗಳನ್ನು ಮತ್ತೊಮ್ಮೆ ನೋಡಿ ನೋಟ್‌ಬುಕ್ಕು ಮುಚ್ಚಿದರು. ಆಮೇಲೆ ಮಾಯಣ್ಣನನ್ನು ಸಾಮಾನಿನ ಕೋಣೆಯ ಮೆಟ್ಟಿಲ ಮೇಲೆ ಕೂರಿಸಿ, ತಮ್ಮ ಎಡ ಅಂಗೈಯಿಂದ ಅವನ ಬಲಗಣ್ಣು ಮುಚ್ಚಿದರು.

"ಎಷ್ಟು ಬೆರಳು ಹೇಳು."

"ಮೂರು ಸಾರ್."

ಅವರು ಇನ್ನೊಂದು ಕೈ ಎತ್ತಿಯೇ ಇರಲಿಲ್ಲ.

ಹುಡುಗ ಒಂದೊಂದಾಗಿ ಹೇಳಿದ. ಒಂಬತ್ತನೇ ವಯಸ್ಸಿನಲ್ಲಿ ಬೀದಿಯಲ್ಲಿ ಚಿನ್ನಿದಾಂಡು ಆಡುವಾಗ ಚಿನ್ನಿ ಹಾರಿ ಎಡಗಣ್ಣಿಗೆ ಬಡಿದಿತ್ತು. ಬೀದಿಯಲ್ಲಿ ಆಡಿದರೆ ಅಪ್ಪ ಬೆಲ್ಟು ತೆಗೆಯುತ್ತಾನೆಂದು, ಮೆಟ್ಟಿಲಿಂದ ಬಿದ್ದೆ ಎಂದು ಮನೆಯಲ್ಲಿ ಹೇಳಿದ್ದ. ಊತ ಇಳಿಯಿತು, ಕಣ್ಣು ಮೊದಲಿನಂತೆಯೇ ಕಾಣಿಸಿತು, ಯಾರೂ ಮತ್ತೆ ಕೇಳಲಿಲ್ಲ. ವರ್ಷದೊಳಗೆ ದೃಷ್ಟಿ ಹೋಯಿತು. ಈಗ ಆ ಕಣ್ಣಿಗೆ ಬೆಳಕು, ಕತ್ತಲು ಇಷ್ಟೇ ತಿಳಿಯುತ್ತಿತ್ತು.

ಮೇಷ್ಟ್ರಿಗೆ ಲೆಕ್ಕ ತಾನಾಗಿಯೇ ಬಿಡಿಸಿಕೊಂಡಿತು. ಮುಖವನ್ನು ಪೂರ್ತಿ ಬೌಲರನ ಕಡೆ ತಿರುಗಿಸಿ ನಿಂತಾಗ ಹುಡುಗನ ಬಲಗಣ್ಣಿಗೆ ಎಲ್ಲ ಚೆಂಡೂ ಕಾಣುತ್ತಿತ್ತು. ಪಕ್ಕಕ್ಕೆ ತಿರುಗಿಸಿದ ಮೇಲೆ ಆ ಕಣ್ಣಿಗೆ ಅವನ ಮೂಗೇ ಅಡ್ಡ. ಮೈಯ ಮೇಲೆ ಬರುವ ಚೆಂಡು ಕೊನೆಯ ಗಳಿಗೆಯಲ್ಲಿ ಮೂಗಿನ ಮರೆಗೆ ಹೋಗುತ್ತಿತ್ತು. ಹುಡುಗ ತಪ್ಪಾಗಿ ನಿಂತಿರಲಿಲ್ಲ. ತನಗೆ ಹೇಗೆ ಕಾಣುತ್ತದೋ ಹಾಗೆ ನಿಂತಿದ್ದ.

"ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ಆಡಿಸ್ತಿದ್ರಾ ಸಾರ್?" ಎಂದ ಮಾಯಣ್ಣ. "ಹಿಂಗ್ ನಿಲ್ಲು ಅಂದ್ರಿ, ನಿಂತೆ. ಮನೇಲಿ ಹೇಳ್ಬೇಡಿ ಸಾರ್. ಶನಿವಾರ ಒಂದು ಆಗ್ಲಿ" ಎಂದ.

ಅವನನ್ನು ತಂಡದಿಂದ ಕೈಬಿಡುವುದು ಅಂದೇ, ಅಲ್ಲೇ ಮಾಡಬಹುದಾದ ಕೆಲಸ. ಮೇಷ್ಟ್ರು ಬೇರೆ ದಾರಿ ಹುಡುಕಿದರು. ಶನಿವಾರ ಹಳೆಯ ಹಾಗೇ ನಿಲ್ಲು, ಯಾರು ನಕ್ಕರೂ ನಗಲಿ ಎಂದರು. ಗೆರೆ ಅಳಿಸಿ, ಇಟ್ಟಿಗೆ ಎತ್ತಿಟ್ಟು, ಕತ್ತಲಾಗುವುದರೊಳಗೆ ಇಪ್ಪತ್ತನಾಲ್ಕು ಚೆಂಡು ಹಾಕಿಸಿದರು. ಏಳೆಂಟು ಚೆಂಡಿನ ತನಕ ಹುಡುಗ ಎದೆ ತೆರೆದು ನಿಂತ. ಆಮೇಲೆ ಪಾದಗಳು ತಾವಾಗಿಯೇ, ಅಳಿಸಿದ ಗೆರೆ ಇನ್ನೂ ಅಲ್ಲೇ ಇರುವಂತೆ, ಪಕ್ಕಕ್ಕೆ ಸರಿದವು. ಹತ್ತೊಂಬತ್ತು ಚುಕ್ಕೆ. ಮೇಷ್ಟ್ರು ಅದನ್ನೂ ತಾರೀಖು ಹಾಕಿ ಬರೆದುಕೊಂಡರು.

ಶುಕ್ರವಾರ ಅವರು ಸೈಕಲ್ಲು ತಳ್ಳಿಕೊಂಡು ಗಾಂಧಿ ಬಜಾರಿಗೆ ಹೋದರು. ದೊಡ್ಡಬೈರಪ್ಪನಿಗೆ ಹೇಳಿಬಿಡಬೇಕೆಂದೇ ಹೋದದ್ದು. ಅಂಗಡಿಯಲ್ಲಿ ಅವನು ಪಕ್ಕದ ಹೂವಿನ ಆಂಡಾಳಮ್ಮನಿಗೆ ನಾಳೆ ಮಗನ ಆಟ ನೋಡಲು ಅಂಗಡಿ ಮುಚ್ಚುವ ವಿಚಾರ ಹೇಳುತ್ತಿದ್ದ. ಬೀದಿಯಲ್ಲಿ ಆಡಬೇಡ ಅಂದಿದ್ದಕ್ಕೇ ಈಗ ಮೈದಾನದಲ್ಲಿ ಆಡುತ್ತಾನೆ ಎಂದು ನಗುತ್ತಿದ್ದ. ಮೇಷ್ಟ್ರನ್ನು ಕಂಡು ಎದ್ದು, ಬೇಡವೆಂದರೂ ಅವರ ಚೀಲಕ್ಕೆ ಬದನೆಕಾಯಿ ಸುರಿದ. ಪಂದ್ಯ ಹತ್ತು ಗಂಟೆಗೆ ಎಂದಷ್ಟೇ ಹೇಳಿ ಪರಮಶಿವಯ್ಯನವರು ಹಿಂತಿರುಗಿದರು. ಸೋಮವಾರ ಹೇಳಿದರಾಯಿತು, ಅಷ್ಟರಲ್ಲಿ ಆಯ್ಕೆ ಮುಗಿದಿರುತ್ತದೆ ಎಂದು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡರು.

ಶನಿವಾರ ಮ್ಯಾಟನ್ನು ಹೊಸ ಮೊಳೆ ಹೊಡೆದು ತಮಟೆಯಂತೆ ಬಿಗಿದಿದ್ದರು. ಹಾಗೆ ಬಿಗಿದ ಮ್ಯಾಟಿನಲ್ಲಿ ಚೆಂಡು ಎದೆಗೇ ಏಳುತ್ತದೆ. ಎದುರು ತಂಡದಲ್ಲಿ ರಾಮಾಂಜಿನಪ್ಪ ಎಂಬ ಉದ್ದನೆಯ ಹುಡುಗ ಬೌಲ್ ಮಾಡುತ್ತಿದ್ದ, ಅವನ ವೇಗಕ್ಕೆ ದೊಡ್ಡವರೂ ಅಂಜುತ್ತಿದ್ದರು. ಮಾಯಣ್ಣ ಹೇಳಿದಂತೆ ಎದೆ ತೆರೆದು ನಿಂತ. ಎರಡು ಬೌಂಡರಿ ಹೊಡೆದ. ಆದರೆ ಬೇಲಿಯ ಹತ್ತಿರ ಯಾರೋ ಹಿಂದಿನ ವರ್ಷದ ಮಾತನ್ನೇ ಕೂಗಿದರು. ದರ್ಶನ ಆಯ್ತಾ, ಮಂಗಳಾರತಿ ತಗೊಂಡ್ ಹೊರಡು ಎಂದರು. ಜನ ನಕ್ಕರು. ಹುಡುಗ ಆಯ್ಕೆಗಾರರ ಬೆಂಚಿನ ಕಡೆ ಒಮ್ಮೆ ನೋಡಿದ. ಮುಂದಿನ ಓವರಿಗೆ ಎಡಭುಜ ತಿರುಗಿಸಿ, ಪಾದ ಜೋಡಿಸಿ, ಮೂರು ತಿಂಗಳು ಕಲಿತಂತೆ ನಿಂತ.

ಪರಮಶಿವಯ್ಯನವರು ಕುರ್ಚಿಯಿಂದ ಎದ್ದರು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿದ್ದರು. ಮೊದಲ ಚೆಂಡನ್ನು ಮಾಯಣ್ಣ ನೇರಕ್ಕೆ ನೆಲದ ಮೇಲೆಯೇ ಅಟ್ಟಿದ. ನಂಜುಂಡಯ್ಯನವರು ಬೆಂಚಿನಿಂದ ಮುಂದಕ್ಕೆ ಬಾಗಿ ಹೇಳಿದರು.

"ಹುಡುಗನ್ನ ಪೂರ್ತಿ ತಿದ್ದಿದೀರಲ್ಲ ಮೇಷ್ಟ್ರೇ. ಕೂತ್ಕೊಳ್ಳಿ, ನೋಡೋಣ."

ಮೇಷ್ಟ್ರು ಕೂತರು.

ನಾಲ್ಕನೇ ಚೆಂಡು ಕಾಲಿನ ಕಡೆ ಬಿದ್ದು ಮೈಯತ್ತ ಎದ್ದಿತು. ಅದು ಎಲ್ಲಿ ಮರೆಯಾಯಿತೆಂದು ಆ ಮೈದಾನದಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಮಾಯಣ್ಣ ತಡವಾಗಿ, ಮುಖ ಪೂರ್ತಿ ತಿರುಗಿಸಿ ಬ್ಯಾಟು ಬೀಸಿದ. ಚೆಂಡು ಬ್ಯಾಟಿನ ಮೇಲಂಚಿಗೆ ತಾಗಿ ನೇರ ಬಲಗಣ್ಣಿಗೆ ಬಡಿಯಿತು. ಅವನು ಬ್ಯಾಟು ಬಿಟ್ಟು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಮ್ಯಾಟಿನ ಮೇಲೆ ಮೊಣಕಾಲೂರಿದ.

ಜಟಕಾದಲ್ಲಿ ಕಣ್ಣಾಸ್ಪತ್ರೆಗೆ ಕರೆದೊಯ್ದರು. ಸಂಜೆ ಐದಕ್ಕೆ ಡಾಕ್ಟರು ಹೊರಗೆ ಬಂದು, ಬಲಗಣ್ಣು ಒಡೆದಿದೆ, ತೆಗೆಯದೆ ವಿಧಿಯಿಲ್ಲ ಎಂದರು. ಎಡಗಣ್ಣು ಹೋಗಿ ಎಷ್ಟು ವರ್ಷವಾಯಿತೆಂದು ಕೇಳಿದರು. ದೊಡ್ಡಬೈರಪ್ಪನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎಡಗಣ್ಣಿಗೇನಾಗಿದೆ, ಅದು ಚೆನ್ನಾಗೇ ಇದೆಯಲ್ಲ ಎಂದ. ಡಾಕ್ಟರು ಇನ್ನೊಮ್ಮೆ ಬಿಡಿಸಿ ಹೇಳಿದರು. ಅದಕ್ಕೆ ಈಗ ಚಿಕಿತ್ಸೆಯಿಲ್ಲ ಎಂದೂ ಹೇಳಿ ಒಳಗೆ ಹೋದರು.

ವರಾಂಡದಲ್ಲಿ ಇಬ್ಬರೇ ಉಳಿದರು. ದೊಡ್ಡಬೈರಪ್ಪ ಗೋಡೆಗೊರಗಿ, ಆರು ವರ್ಷದಿಂದ ಒಂದೇ ಮನೆಯಲ್ಲಿದ್ದೂ ತನಗೆ ತಿಳಿಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ. ಆ ಬೈಗುಳದ ಮರೆಯಲ್ಲಿ ಪರಮಶಿವಯ್ಯನವರು ನಿಂತುಬಿಡಬಹುದಿತ್ತು. ಹೆಡ್ಮಾಸ್ತರರು ಅದಾಗಲೇ ಇದನ್ನು ಆಕಸ್ಮಿಕವೆಂದು ಬರೆದು ಕಳಿಸಿದ್ದರು.

"ನನಗೆ ಗೊತ್ತಿತ್ತು ಬೈರಪ್ಪ" ಎಂದರು.

"ಯಾವಾಗಿಂದ?"

"ಗುರುವಾರದಿಂದ."

ದೊಡ್ಡಬೈರಪ್ಪ ಅವರ ಮುಖವನ್ನೇ ನೋಡಿದ. ಬೆರಳು ಮಡಿಚಿ ದಿನ ಎಣಿಸಿದವನಂತೆ ಕಂಡ. ಕೈ ಎತ್ತುತ್ತಾನೆಂದು ಮೇಷ್ಟ್ರು ಕಾದರು. ಅವನು ಮಗನ ವಾರ್ಡಿಗೆ ನಡೆದ.

ಹದಿನಾರು ದಿನ ಮಾಯಣ್ಣ ಆಸ್ಪತ್ರೆಯಲ್ಲಿದ್ದ. ಮೇಷ್ಟ್ರು ದಿನಾ ನಾಲ್ಕೂವರೆಗೆ ಹೋಗುತ್ತಿದ್ದರು. ದೊಡ್ಡಬೈರಪ್ಪ ಅವರೊಂದಿಗೆ ಮಾತಾಡುತ್ತಿರಲಿಲ್ಲ, ತಡೆಯುತ್ತಲೂ ಇರಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿದ್ದ ಹುಡುಗ ಆ ನಾಲ್ಕನೇ ಚೆಂಡು ಎಲ್ಲಿ ಬಿದ್ದಿತೆಂದು ಕೇಳುತ್ತಿದ್ದ, ಅವರು ಅಂಗುಲದ ಲೆಕ್ಕದಲ್ಲಿ ಹೇಳುತ್ತಿದ್ದರು. ಅದು ಬಿಟ್ಟರೆ ಅವರಿಗೆ ಮಾತು ಗೊತ್ತಿರಲಿಲ್ಲ.

ಮನೆಗೆ ಕಳಿಸಿದ ಮೇಲೆ, ಜನವರಿಯ ಒಂದು ಭಾನುವಾರ, ಅವರು ಹನುಮಂತನಗರದ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಹುಡುಗನ ಹೆಸರು ಹಿಡಿದು ಕರೆದರು. ಒಳಗೆ ಏನೋ ಉರುಳಿ ಬಿದ್ದ ಸದ್ದಾಯಿತು. ಪಾತ್ರೆಯೋ ಚೆಂಬೋ ಇರಬೇಕು. ಒಬ್ಬ ಹೆಂಗಸು ಏನೋ ಹೇಳುತ್ತ ಓಡಿದ್ದು ಕೇಳಿಸಿತು. ದೊಡ್ಡಬೈರಪ್ಪ ಹೊರಗೆ ಬಂದು ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡ. ದನಿ ಏರಿಸಲಿಲ್ಲ.

"ನೀವ್ ಇನ್ ಬರ್ಬೇಡಿ ಮೇಷ್ಟ್ರೇ. ನಿಮ್ಮ್ ದನಿ ಕೇಳಿದ್ರೆ ಸಾಕು, ಅವ್ನು ಎದ್ದ್ ನಿಂತ್ಬಿಡ್ತಾನೆ."