ಬುಧವಾರದ ಒಪ್ಪತ್ತು

ಸಾಕಮ್ಮನ ಬಿಪಿ ಆ ಬುಧವಾರವೂ ಇಳಿದಿರಲಿಲ್ಲ. ನೂರ ಎಪ್ಪತ್ತೆಂಟು, ತೊಂಬತ್ತಾರು. ಡಾಕ್ಟರ್ ಸ್ಪಂದನಾ ಮೂರನೆಯ ಮಾತ್ರೆ ಬರೆಯಲು ಪೆನ್ನು ತೆಗೆದರು.

ಪಕ್ಕದಲ್ಲಿದ್ದ ಆಶಾ ಕಾರ್ಯಕರ್ತೆ ಮಂಗಳಗೌರಿ ಒಂದು ಹೆಜ್ಜೆ ಮುಂದೆ ಬಂದಳು. ನಾಲೆ ದಂಡೆಯ ಇದೇ ಆರೋಗ್ಯ ಉಪಕೇಂದ್ರದಲ್ಲಿ ಹೋದ ತಿಂಗಳು ಎರಡನೆಯ ಮಾತ್ರೆ ಸೇರಿತ್ತು. ಆಮೇಲೆ ಎಪ್ಪತ್ತೊಂದರ ಸಾಕಮ್ಮ ಎರಡು ಸಲ ತಲೆ ಸುತ್ತಿ ಬಿದ್ದಿದ್ದಳು. ಒಮ್ಮೆಯಂತೂ ಒಗೆಯುವ ಕಲ್ಲಿನಿಂದ ಒಂದೇ ಗೇಣು ದೂರದಲ್ಲಿ. ಇನ್ನೊಮ್ಮೆ ಬಿದ್ದರೆ ಸೊಂಟ ಉಳಿಯುವಂತಿರಲಿಲ್ಲ.

"ಅಜ್ಜಿ, ಮಾತ್ರೆ ಸರ್ಯಾಗಿ ನುಂಗ್ತಿದ್ದೀರಾ?" ಎಂದು ಮಂಗಳಗೌರಿ ಕೇಳಿದಳು.

"ದಿನಾ ಎರಡೊತ್ತೂ ನುಂಗ್ತೀನಿ ಕಣವ್ವ. ಇಲ್ಲಿಗ್ ಬರೋ ಬುಧವಾರ ಒಂದ್ ಬುಟ್ಟು."

"ಬುಧವಾರ ಯಾಕ್ ಬುಟ್ರಿ?"

"ಸಕ್ಕರೆ ಪರೀಕ್ಷೆಗೆ ಖಾಲಿ ಒಟ್ಟೇಲಿ ಬನ್ನಿ ಅಂತ ಮನೆಮನೆಗೂ ಸಾರ್ಕಂಡ್ ಬಂದೋಳು ನೀನೇ ಅಲ್ವಾ? ಒಪ್ಪತ್ತು ಅಂದ್ರೆ ಒಪ್ಪತ್ತೇ. ನೆನ್ನೆ ಸಂಜೆ ಉಂಡಿದ್ದೇ ಕೊನೆ, ಒಂದ್ ತೊಟ್ಟು ನೀರೂ ಕುಡ್ದಿಲ್ಲ."

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಮುದುಕ ದಾಸಯ್ಯ ಎದೆ ಸೆಟೆಸಿದ. "ನಾನು ಬೀಡೀನೂ ಸೇದಿಲ್ಲ ಕಣವ್ವ. ಶಿವರಾತ್ರೀಲೂ ಇಷ್ಟ್ ಕಟ್ಟುನಿಟ್ಟಾಗಿರ್ಲಿಲ್ಲ."

ಮಂಗಳಗೌರಿ ಸಾಲಿನತ್ತ ತಿರುಗಿದಳು. "ಇವತ್ತು ಬಿಪಿ ಮಾತ್ರೆ ನುಂಗಿ ಬಂದೋರು ಕೈ ಎತ್ರಿ!"

ಹತ್ತೊಂಬತ್ತು ಮಂದಿಯಲ್ಲಿ ಒಂದು ಕೈಯೂ ಏಳಲಿಲ್ಲ. ಮಾತ್ರೆ ತಪ್ಪಿಸಿ, ನೀರೂ ಕುಡಿಯದೆ, ಮೂರು ಕಿಲೋಮೀಟರ್ ನಡೆದು ಬಂದವರನ್ನು ಇಷ್ಟು ತಿಂಗಳು ಅಳೆಯುತ್ತಿದ್ದರು! ಅವಳ ಕಿವಿ ಬಿಸಿಯಾಯಿತು. ಸಾರಿದವಳು ತಾನೇ.

"ಮೇಡಂ, ಬರೀಬೇಡಿ! ಮೂರು ದಿನ ಕೊಡಿ. ಬೆಳಿಗ್ಗೆ ಹಾಲಿನ ಡೈರಿಗೆ ಅಜ್ಜಿ ಬಂದೇ ಬತ್ತಾರೆ. ಮಾತ್ರೆ ನುಂಗಿದ ಮೇಲೆ ಅಲ್ಲೇ ಕೂರಿಸಿ ಅಳೀತೀನಿ."

ಸ್ಪಂದನಾ ಪೆನ್ನು ಮುಚ್ಚಿದರು. "ಕೂತಾಗ ಒಂದ್ಸಲ, ನಿಂತಾಗ ಒಂದ್ಸಲ. ಎರಡೂ ಬೇಕು ನನಗೆ."

ಗುರುವಾರ ನೂರ ನಲವತ್ತೆರಡು. ಮಂಗಳಗೌರಿ ನಂಬದೆ ತೋಳಿನ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದಳು, ಅಷ್ಟೇ ಬಂತು. ಶುಕ್ರವಾರ ನೂರ ಇಪ್ಪತ್ತಾರು. ಶನಿವಾರದ ಹೊತ್ತಿಗೆ ಹಾಲು ಹಾಕಿದವರೂ ಮನೆಗೆ ಹೋಗದೆ ಸುತ್ತ ನಿಂತಿದ್ದರು. ಕೂತಾಗ ನೂರ ಹದಿನಾಲ್ಕು. ಎದ್ದು ನಿಂತಾಗ ತೊಂಬತ್ತೆರಡು. ಸಾಕಮ್ಮ ಹಾಲಿನ ಕ್ಯಾನು ಬಿಟ್ಟು ಕಂಬ ಹಿಡಿದಳು. ಅವಳನ್ನು ಕೂರಿಸಿದ ಕೈಯಲ್ಲೇ ಮಂಗಳಗೌರಿ ಫೋನ್ ಹಚ್ಚಿದಳು.

"ಮೇಡಂ, ಮಾತ್ರೆ ನುಂಗಿದ್ ದಿನ ನಿಂತ್ರೆ ತೊಂಬತ್ತೆರಡು! ಬೀಳೋದು ಇದಕ್ಕೇ!"

ಫೋನು ಜೋರಾಗಿತ್ತು, ಉತ್ತರ ಎಲ್ಲರಿಗೂ ಕೇಳಿಸಿತು. "ಹೋದ ತಿಂಗಳು ಸೇರಿಸಿದ ರಾತ್ರಿ ಮಾತ್ರೆ ಇವತ್ತಿಂದಲೇ ನಿಲ್ಲಿಸಿ. ಬುಧವಾರ ನಾನೇ ಡೈರಿಗೆ ಬರ್ತೀನಿ. ಹತ್ತೊಂಬತ್ತು ಜನರನ್ನೂ ಅಲ್ಲೇ ನೋಡೋಣ."

ಡೈರಿ ಅಂಗಳದಲ್ಲಿ ಗದ್ದಲವೋ ಗದ್ದಲ. ಅದರ ನಡುವೆ ಮಂಗಳಗೌರಿ ಕೂಗಿದಳು: "ಕೇಳ್ರಪ್ಪೋ! ಬುಧವಾರ ಬಿಪಿ ಮಾತ್ರೆ ನೀರಲ್ಲಿ ನುಂಗೇ ಬರ್ಬೇಕು! ಸಕ್ಕರೆ ಮಾತ್ರೆ ಮಾತ್ರ ತಿಂಡಿ ಆದ್ಮೇಲೆ!"

"ಅಂಗಾರೆ ಬೀಡಿ?" ಎಂದ ದಾಸಯ್ಯ.

"ಅದಕ್ಕೆ ದಿನಾ ಒಪ್ಪತ್ತೇ, ತಾತ!"

ಸಾಕಮ್ಮ ನಗುತ್ತಾ ಕ್ಯಾನಿಗೆ ಕೈ ಚಾಚಿದಳು. ಮಂಗಳಗೌರಿ ಅದನ್ನು ತಾನೇ ಎತ್ತಿಕೊಂಡು, "ಇನ್ನೈದು ನಿಮಿಷ ಕೂತ್ಕಳಿ ಅಜ್ಜಿ, ಮನೆ ತಂಕ ನಾನೇ ಬತ್ತೀನಿ" ಎಂದಳು.