ಬಾಗಿಲಿಲ್ಲದ ಕಪಾಟು

ಲಿಫ್ಟ್ ಮೆಕ್ಯಾನಿಕ್‌ಗೆ ಹೊಟ್ಟೆಕಿಚ್ಚು ಇದ್ದದ್ದು ಬದುಕಿರುವವರ ಮೇಲಲ್ಲ, ಹೆಂಡತಿಯ ಮೊದಲ ಗಂಡನ ಮೇಲೆ. ಆತ ಜ್ವರ ಬಂದು ತೀರಿಕೊಂಡು ಆರು ವರ್ಷವಾಗಿತ್ತು. ಇವನು ಅವಳನ್ನು ಮದುವೆಯಾಗಿ ಆ ಮನೆಗೆ ಬಂದು ಒಂದು ವರ್ಷ. ಗೋಡೆಯ ಮೇಲಿನ ಫೋಟೊ ನೋಡಿದರೆ ಇವನಿಗೆ ಏನೂ ಅನಿಸುತ್ತಿರಲಿಲ್ಲ. ಅಡುಗೆಮನೆಯ ಕಪಾಟು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಅದನ್ನು ಆತ ಕೈಯಾರೆ ಮಾಡಿದ್ದ. ಒಳ್ಳೆಯ ಮರ, ನುಣುಪಾದ ಅಂಚು. ಬಾಗಿಲು ಮಾತ್ರ ಇಲ್ಲ. ಅದರ ಬದಲು ದಾರಕ್ಕೆ ಪೋಣಿಸಿದ ಹಳೇ ಪರದೆ. ಲಿಫ್ಟನ್ನು ಅರ್ಧ ಬಿಚ್ಚಿಟ್ಟು ಎದ್ದು ಹೋಗುವಂತಿಲ್ಲ. ಅಂಥ ಕಸುಬಿನವನಿಗೆ ಅರೆಬರೆ ಕೆಲಸವೆಂದರೆ ಕಣ್ಣಲ್ಲಿ ಕಸ ಬಿದ್ದ ಹಾಗೆ. ಮದುವೆಯ ಹೊಸದರಲ್ಲೇ ಇವನು ಬಾಗಿಲು ಮಾಡಿಕೊಡುತ್ತೇನೆ ಎಂದಿದ್ದ. "ಇರಲಿ ಬಿಡಿ," ಎಂದಿದ್ದಳು ಅವಳು. ಆ ಮಾತು ಇವನ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು. ಅವನ ವಸ್ತುವಿಗೆ ನನ್ನ ಕೈ ತಾಗಬಾರದು, ಅಲ್ಲವೇ ಎಂದುಕೊಂಡ. ಅವಳು ಕಪಾಟು ಒರೆಸುವಾಗಲೆಲ್ಲ ಕಳ್ಳನ ಹಾಗೆ ಅವಳ ಮುಖ ನೋಡುತ್ತಿದ್ದ.

ಒಂದು ಭಾನುವಾರ ಅವಳು ಆಸ್ಪತ್ರೆಗೆ ಡ್ಯೂಟಿಗೆ ಹೋಗಿದ್ದಳು. ಉರುಳಿಹೋದ ಸ್ಕ್ರೂಡ್ರೈವರ್ ತೆಗೆಯಲೆಂದು ಬೀರು ಸರಿಸಿದರೆ, ಹಿಂದೆ ಗೋಣಿ ಸುತ್ತಿದ ಎರಡು ಬಾಗಿಲು. ಕಪಾಟಿಗೆ ಇಟ್ಟು ನೋಡಿದ. ಒಂದು ಹೇಳಿ ಮಾಡಿಸಿದಂತೆ ಕೂತಿತು. ಇನ್ನೊಂದು ಒಂದಿಂಚು ಗಿಡ್ಡ. ತಿರುಗಿಸಿದಾಗ ಪೆನ್ಸಿಲ್ ಬರಹ ಕಂಡಿತು: "ತಪ್ಪು ಕೊಯ್ದೆ. ಅವಳಿಗೆ ಗೊತ್ತಾಗಬಾರದು."

ಇವನಿಗೆ ಹಬ್ಬವಾಯಿತು. ಅವಳ ಪಾಲಿಗೆ ದೇವರಂಥವನ ಬಂಡವಾಳ ಬಯಲಾಯಿತಲ್ಲ. ಅವಳು ಬರುವ ಹೊತ್ತಿಗೆ ಆ ಬಾಗಿಲನ್ನು, ಬರಹ ಮೇಲೆ ಮಾಡಿ, ಮೇಜಿನ ಮೇಲೆ ಮಲಗಿಸಿ ಕಾದ.

ಅವಳು ಓದಿದಳು. ನಗು ತಡೆಯಲಾರದೆ ನೆಲಕ್ಕೇ ಕುಸಿದು ಕೂತಳು. ತನ್ನ ಯಾವ ಮಾತಿಗೂ ಅವಳು ಹಾಗೆ ನಕ್ಕಿದ್ದಿಲ್ಲ ಎಂದು ಇವನ ಹೊಟ್ಟೆ ಮತ್ತೆ ಉರಿಯಿತು.

"ಮೂರು ವರ್ಷ ನಾಳೆ ನಾಳೆ ಅಂದ್ರು. ಸೋಮಾರಿ ಅಂತ ಬಾಯಿಗೆ ಬಂದಂಗೆ ಬೈತಿದ್ದೆ, ಪಾಪ," ಎಂದು ಕಣ್ಣೊರೆಸಿಕೊಂಡಳು.

"ಮತ್ತೆ ನಾನು ಮಾಡ್ತೀನಿ ಅಂದಾಗ ಯಾಕೆ ಬೇಡ ಅಂದೆ?"

ಅವಳು ಬೆರಗಾಗಿ ನೋಡಿದಳು. "ಅವರು ಅರ್ಧಕ್ಕೆ ಬಿಟ್ಟಿದ್ದನ್ನ ನಿಮ್ಮ ಕೈಲಿ ಮಾಡಿಸಿದ್ರೆ ನಿಮಗೆ ಬೇಜಾರಾಗುತ್ತೆ ಅಂತ. ಪರದೆ ಕಂಡ್ರೆ ನನಗೇನು ಪ್ರೀತಿನಾ?"

ಇವನು ಮೇಜಿನ ಮೇಲಿನ ಬಾಗಿಲನ್ನು ಎತ್ತಿಕೊಂಡ. ಒಂದಿಂಚಿನ ಪಟ್ಟಿ ಕೊಯ್ದು, ಅಂಟು ಹಾಕಿ ಗಿಡ್ಡ ಬಾಗಿಲಿಗೆ ಸೇರಿಸಿದ. ಕೈಯಲ್ಲೇ ಮರಳು ಕಾಗದವಿದ್ದರೂ ಪೆನ್ಸಿಲ್ ಬರಹವನ್ನು ಉಜ್ಜಲಿಲ್ಲ. ಅಂಟು ಒಣಗಿದ ಮರುದಿನ ಎರಡೂ ಬಾಗಿಲು ನಿಂತವು. ಅವಳು ನಾಲ್ಕು ಸಲ ತೆಗೆದು ಮುಚ್ಚಿ ನೋಡಿದಳು.

ಮುಂದಿನ ಭಾನುವಾರ ಅವಳೇ ಅಟ್ಟ ಹತ್ತಿ ಮೂರು ಕಾಲಿನ ಸ್ಟೂಲೊಂದನ್ನು ಇಳಿಸಿ ಇವನ ಮುಂದಿಟ್ಟಳು. ನಾಲ್ಕನೆಯದು ಎಲ್ಲಿ ಎಂದರೆ, ಅವರು ಮಾಡೇ ಇಲ್ಲ ಎಂದಳು. ಇವನು ಸ್ಟೂಲನ್ನು ಬೋರಲು ಹಾಕಿ ನೋಡಿದ. ಆ ಮೂರು ಕಾಲಿನ ಜೋಡಣೆಯಲ್ಲಿ ಕೂದಲು ತೂರಿಸಲೂ ಸಂದಿಲ್ಲ. ಹಾಳಾದವನು, ಎಷ್ಟು ಚೆಂದ ಕೂರಿಸಿದ್ದಾನೆ ಎಂದು ಗೊಣಗುತ್ತ ಅಳತೆಪಟ್ಟಿಗೆ ಕೈಹಾಕಿದ.